ಸಮಾಧಾನದ ಸದ್ದು

ಶೋಶಾಮ್ಮ: ಮಾತನ್ನ ಚೂರುಚೂರು ಮಾಡಿ ಕಳಿಸೋದು ಯಾಕೆ ಅಂತೀನಿ. ಇಡಿಯಾಗಿ ಕಳಿಸೋಕೆ ನಿಮ್ಮ ಕಚೇರಿಯವರಿಗೆ ಏನು ಧಾಡಿ?

ಉಲಹನ್ನಾನ್: ನೀನು ಕೇಳಬೇಕಾದ್ದು ಪುಸ್ತಕದಲ್ಲಿರೋ ಪ್ರಶ್ನೆ. ನಿನ್ನ ತಲೇಲಿರೋದನ್ನಲ್ಲ.

ಶೋಶಾಮ್ಮ: ನನ್ನ ತಲೆಗೇ ಹೋಗದ್ದು ನಾಳೆ ಪರೀಕ್ಷೆ ಮಾಡೋ ಆ ತರಬೇತಿ ಹುಡುಗಿ ಮುಂದೆ ನಿಮ್ಮ ಬಾಯಿಂದ ಹೇಗೆ ಬರುತ್ತೆ ಅಚ್ಚಾಯಾ?

ಪಾಲಾ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಲೆ ನರೆಸಿಕೊಂಡ ಉಲಹನ್ನಾನ್ ಈಗ ತನ್ನದೇ ಮನೆಯ ಹಿತ್ತಿಲ ಜಗಲಿಯಲ್ಲಿ, ಪಾಠ ಒಪ್ಪಿಸುವ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದ. ಭಾನುವಾರದ ಇಗರ್ಜಿಯೂ ಊಟವೂ ಮುಗಿದು ಊರಿನ ಗಂಡಸರೆಲ್ಲ ಗೊರಕೆ ಹೊಡೆಯುವ ಹೊತ್ತು. ಹೆಂಡತಿ ಶೋಶಾಮ್ಮ ಮಣೆಯ ಮೇಲೆ ಕೂತು ಸಂಜೆಯ ಸಾರಿಗೆ ಮತ್ತಿ ಮೀನು ಹಸನು ಮಾಡುತ್ತಿದ್ದಳು. ಪುಸ್ತಕ ಎದುರಿನ ಅರೆಯುವ ಕಲ್ಲಿಗೆ ಒರಗಿತ್ತು.

ಹಳೆಯ ಯಂತ್ರಗಳನ್ನು ಕಿತ್ತು ಹೊಸ ಜಾಲ ಹಾಕಿದ್ದರು. ನಾಳೆ ಅದರ ಬಾಯಿಪರೀಕ್ಷೆ. ಪಾಸಾದವರು ಊರಲ್ಲೇ ಉಳಿಯುತ್ತಾರೆ, ನಪಾಸಾದವರಿಗೆ ಕಾಸರಗೋಡಿನ ಉಗ್ರಾಣ. ಅಲ್ಲಿಯವರಿಗೆ ಮಲಯಾಳದ ಜೊತೆಗೆ ಕನ್ನಡ, ತುಳು ಎಲ್ಲ ಬರುತ್ತದಂತೆ. ಇವನಿಗೆ ಒಂದೇ ಭಾಷೆಯಲ್ಲಿ, ಒಬ್ಬಳಿಂದಲೇ ಬೈಸಿಕೊಂಡು ಅಭ್ಯಾಸ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದು ಗಂಜಿಗೆ ನೀರೆಷ್ಟು ಎಂದು ಗೊತ್ತಾಗದಿದ್ದರೆ ಹೇಗೋ ಆದೀತು. ಗಂಜಿ ಕೆಟ್ಟಿತು ಎಂದು ಯಾರ ಹತ್ತಿರ ಹೇಳುವುದು? ಅದೇ ಭಯದಲ್ಲಿ ಒಂದು ವಾರದಿಂದ ಅವನಿಗೆ ನಿದ್ದೆ ಇರಲಿಲ್ಲ.

ಉಲಹನ್ನಾನ್: ಕೇಳು. ಮೊದಲು ನೀನು ತೊಡುಪುಳದ ನಿನ್ನ ತಂಗಿಗೆ ಫೋನ್ ಮಾಡಿದರೆ, ಇಲ್ಲಿಂದ ಅಲ್ಲಿವರೆಗೆ ಒಂದು ದಾರಿ ನಿಮ್ಮಿಬ್ಬರಿಗೇ ಮೀಸಲು. ಮಾತಾಡಿದರೂ ನಿಮ್ಮದೇ, ಬಾಯಿ ಮುಚ್ಚಿಕೊಂಡಿದ್ದರೂ ನಿಮ್ಮದೇ.

ಶೋಶಾಮ್ಮ: ನಾವು ಯಾವಾಗ ಬಾಯಿ ಮುಚ್ಚಿಕೊಂಡಿದ್ವಿ?

ಉಲಹನ್ನಾನ್: ಅದಕ್ಕೇ ಆ ಯಂತ್ರ ಅಷ್ಟು ಬೇಗ ಸವೆದದ್ದು. ಈಗ ಹಾಗಲ್ಲ ಕಣೇ. ಮಾತನ್ನ ಚೂರು ಮಾಡಿ, ಒಂದೊಂದು ಚೂರಿನ ಮೇಲೂ ವಿಳಾಸ, ಕ್ರಮಸಂಖ್ಯೆ ಹಾಕಿ ಬಿಡ್ತಾರೆ. ಯಾವ ದಾರಿ ಖಾಲಿಯಿದೆಯೋ ಆ ದಾರಿ ಹಿಡಿದು ಹೋಗ್ತವೆ. ಆ ಕಡೆ ಮತ್ತೆ ಸಾಲಾಗಿ ಜೋಡಿಸಿಕೊಳ್ತಾರೆ.

ಶೋಶಾಮ್ಮ: ಜೋಯಿಕುಟ್ಟಿ ಮದುವೆಗೆ ನಮ್ಮ ಕಡೆಯವರು ಮೂರು ಬಸ್ಸಲ್ಲಿ ಹೋದ ಹಾಗೆ. ಮನೆ ಹಿರಿಯರು ಪೈಲಿ ಅಪ್ಪಚ್ಚ ಇದ್ದ ಬಸ್ಸು ಬರೋ ಹೊತ್ತಿಗೆ ತಾಳಿ ಕಟ್ಟಿ ಆಗಿತ್ತು. ಹಾಗೆ ತಡವಾಗಿ ಬಂದ ಚೂರಿನ ಗತಿ ಏನು?

ಉಲಹನ್ನಾನ್: ಮಾತಿನ ಚೂರಾದರೆ ಬಿಸಾಕ್ತಾರೆ. ಮಾತಿಗೆ ಕಾಯೋಕಾಗಲ್ಲ. ಕಾಗದಪತ್ರ, ಫೋಟೋ ಆದರೆ ಕಾಯ್ತಾರೆ. ಬರಲೇ ಇಲ್ಲ ಅಂದರೆ ಇನ್ನೊಂದು ಸಲ ಕಳಿಸು ಅಂತಾರೆ.

ಶೋಶಾಮ್ಮ: ಸರಿ ಮತ್ತೆ. ಮದುವೆ ಅಪ್ಪಚ್ಚ ಇಲ್ಲದೇನೂ ನಡೀತು. ರಬ್ಬರ್ ತೋಟ ರಿಜಿಸ್ಟರ್ ಮಾಡೋವಾಗ ಅವರ ಸಹಿ ಇಲ್ದೆ ನಡೀಲಿಲ್ಲ.

ಉಲಹನ್ನಾನನಿಗೆ ಹೊಟ್ಟೆಕಿಚ್ಚಾಯಿತು. ಈ ಒಂದು ಮಾತು ತಲೆಗೆ ಹತ್ತಲು ಅವನಿಗೆ ಪುಸ್ತಕದ ಅರ್ಧ ಬೇಕಾಗಿತ್ತು.

ಉಲಹನ್ನಾನ್: ಇದನ್ನೇ ನಾಳೆ ಹೇಳಿಬಿಡಲಾ?

ಶೋಶಾಮ್ಮ: ಹೇಳಿ. ಅಪ್ಪಚ್ಚನ ಹೆಸರು ಮಾತ್ರ ಎತ್ತಬೇಡಿ. ಆ ಹುಡುಗಿ ಅವರ ಕಡೆ ಸಂಬಂಧ.

ಅವಳು ಮೊಣಕೈಯಿಂದ ಪುಟ ತಿರುವಿದಳು. ಒಂದು ಪುಟದ ಮೂಲೆ ಮಡಚಿತ್ತು. ಅದರ ತಲೆಬರಹ ‘ಸಮಾಧಾನದ ಸದ್ದು’. ಆ ಪುಟ ಬೇಡ, ಮುಂದೆ ಹೋಗು ಎಂದು ಅವನು ಗೋಗರೆದ. ಗಂಡ ಬೇಡ ಎಂದದ್ದನ್ನು ಬಿಟ್ಟುಕೊಡುವ ಹೆಂಗಸು ಪಾಲಾದಲ್ಲಿ ಇನ್ನೂ ಹುಟ್ಟಿಲ್ಲ. ಮನೆಯಲ್ಲಿ ಬಚ್ಚಿಟ್ಟಿದ್ದ ಕಥೆಯನ್ನು ಅವನು ಹೇಳಲೇಬೇಕಾಯಿತು.

ಬುಧವಾರ, ತರಬೇತಿ ಕೊಡುವ ಹುಡುಗಿ ಲಿಜಿಮೋಳ್ ಅವನ ಕೈಗೆ ರಿಸೀವರ್ ಕೊಟ್ಟು, ಲೈನ್ ಹೇಗಿದೆ ನೋಡಿ ಅಂಕಲ್ ಅಂದಿದ್ದಳು. ಹಳೆಯ ಎಕ್ಸ್‌ಚೇಂಜಿನವರು ಲೈನನ್ನು ನೋಡುವುದು ಕಿವಿಯಿಂದ. ಗುಂಯ್ ಎಂದರೆ ಜೀವ ಇದೆ, ಗುಂಯ್ ಎನ್ನದಿದ್ದರೆ ಕಂಬ ಹತ್ತಬೇಕು. ಅವನು ಕಣ್ಣು ಮುಚ್ಚಿದ, ಆಲಿಸಿದ, ಸಣ್ಣಗೆ ಗುಂಯ್ ಕೇಳಿಸಿತು. ‘ಬಂಗಾರದಂಥ ಲೈನು. ಈ ಕಿವಿ ಇವತ್ತಿನವರೆಗೆ ಸುಳ್ಳು ಹೇಳಿಲ್ಲ’ ಎಂದು ಇಡೀ ತರಗತಿಗೆ ಸಾರಿದ. ಕಣ್ಣು ಬಿಟ್ಟರೆ ಆ ಕಡೆಯ ತಂತಿ ಕಳಚಿ ಲಿಜಿಮೋಳ್ ಕೈಯಲ್ಲಿ ನೇತಾಡುತ್ತಿತ್ತು.

ಶೋಶಾಮ್ಮ: ಮತ್ತೆ ಸದ್ದು ಎಲ್ಲಿಂದ ಬಂತು?

ಉಲಹನ್ನಾನ್: ಈ ಕಡೆ ಯಂತ್ರದ್ದೇ. ಆ ಕಡೆಯವರು ಸುಮ್ಮನಿದ್ದಾಗ ಈಗಿನ ಜಾಲ ಏನೂ ಕಳಿಸೋದಿಲ್ಲ. ಮೌನ ಹೊತ್ತು ದಾರಿ ಯಾಕೆ ತುಂಬಿಸಬೇಕು ಅಂತ. ಆದರೆ ಪೂರ್ತಿ ನಿಶ್ಶಬ್ದ ಆದರೆ ನಮ್ಮ ಜನಕ್ಕೆ ಗಾಬರಿ. ಲೈನ್ ಸತ್ತಿತು ಅಂತ ಹಲೋ ಹಲೋ ಶುರು ಮಾಡ್ತಾರೆ. ಅದಕ್ಕೆ ಯಂತ್ರವೇ ಒಂದು ಸುಳ್ಳು ಗುಂಯ್ ಹುಟ್ಟಿಸಿ ಕಿವಿಗೆ ಊದ್ತಾ ಇರುತ್ತೆ. ಸಮಾಧಾನಕ್ಕೆ.

ಶೋಶಾಮ್ಮ: ಆ ಕಡೆ ಯಾರೂ ಕೇಳಿಸಿಕೊಳ್ತಾ ಇಲ್ಲದಿದ್ದರೂ?

ಉಲಹನ್ನಾನ್: ಸ್ವಲ್ಪ ಹೊತ್ತು ಗೊತ್ತೇ ಆಗೋಲ್ಲ.

ಶೋಶಾಮ್ಮ: ಮಾತಾಡೋನು ಖುಷಿಯಾಗಿರ್ತಾನೆ.

ಉಲಹನ್ನಾನ್: ನನ್ನಂಥ ದಡ್ಡನಾದರೆ ಬಂಗಾರದಂಥ ಲೈನು ಅಂತಾನೆ.

ಶೋಶಾಮ್ಮ: ಇಷ್ಟಕ್ಕೆ ಅಷ್ಟೆಲ್ಲ ಓದಿದವರು ಬೇಕಾಯ್ತಾ? ಮದುವೆಯಾದ ಎರಡನೇ ವರ್ಷದಿಂದ ನಾನು ಇದನ್ನೇ ಮಾಡ್ತಾ ಇದೀನಿ.

ಉಲಹನ್ನಾನ್: ಏನನ್ನ?

ಶೋಶಾಮ್ಮ: ಹೂಂ ಅನ್ನೋದನ್ನ.

ದಿನಾ ಸಂಜೆ ಚಹಾ ಹೀರುತ್ತಾ ಅವನು ಕಂಬ, ಕೇಬಲ್ಲು, ಮೇಲಧಿಕಾರಿಯ ಮೂರ್ಖತನ ಎಲ್ಲವನ್ನೂ ಅವಳಿಗೆ ಬಿಚ್ಚಿಡುತ್ತಿದ್ದ. ಅವಳ ಹೂಂ ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತಿತ್ತು. ಹೀಗೆ ಕೇಳುವವಳು ಯಾರಿಗೆ ಸಿಕ್ಕಾಳು ಎಂದು ಅವನು ಸಹೋದ್ಯೋಗಿಗಳೆದುರು ಬೀಗಿದ್ದೂ ಉಂಟು.

ಉಲಹನ್ನಾನ್: ಹಾಗಾದರೆ ಮೀನಚ್ಚಿಲ್ ಹೊಳೆ ಉಕ್ಕಿದಾಗ ನಾನು ಕುತ್ತಿಗೆ ಮಟ್ಟ ನೀರಲ್ಲಿ ನಿಂತು ಕೇಬಲ್ ಜೋಡಿಸಿದ್ದು?

ಶೋಶಾಮ್ಮ: ನೀರು ಸೊಂಟದ ಮಟ್ಟ ಇದ್ದಾಗ ಕೇಳಿದ್ದೆ. ಕುತ್ತಿಗೆಗೆ ಏರಿದ್ದು ಯಾವಾಗ ಅಂತ ಗೊತ್ತಿಲ್ಲ.

ಉಲಹನ್ನಾನನಿಗೆ ನಿಜಕ್ಕೂ ನೋವಾಯಿತು. ಇಷ್ಟು ವರ್ಷ ತಂತಿ ಕಳಚಿದ ಫೋನಿನಲ್ಲಿ ಮಾತಾಡಿದ ಹಾಗಾಯಿತಲ್ಲ ಎನ್ನಿಸಿತು.

ಉಲಹನ್ನಾನ್: ಬಿಡು. ಇನ್ನು ನಪಾಸಾದರೂ ಒಂದೇ. ಕಾಸರಗೋಡಿಗೆ ಹೋಗಿ ಗೋಡೆ ಹತ್ತಿರ ಮಾತಾಡ್ತೀನಿ. ನಿನ್ನ ಬಿಟ್ಟು ಹೇಗಿರೋದು ಅಂತ ಹೆದರಿ ವಾರದಿಂದ ನಿದ್ದೆಗೆಟ್ಟವನು ನಾನು. ನಿನಗೇನಾದರೂ ಚಿಂತೆ ಇದೆಯಾ?

ಶೋಶಾಮ್ಮ ಚಾಕು ಕೆಳಗಿಟ್ಟಳು. ಕೈತೊಳೆದು, ಸೆರಗಿಗೆ ಒರೆಸಿಕೊಂಡು, ಅವನ ಮುಖವನ್ನೇ ನೋಡಿದಳು.

ಶೋಶಾಮ್ಮ: ಗುರುವಾರ ಚಹಾ ಕುಡೀತಾ ಕೂತಿದ್ರಿ. ನಾನು ಏನು ಹೇಳಿದೆ?

ಉಲಹನ್ನಾನ್: ಗುರುವಾರ... ಅದೇ, ಹಸುವಿನ ವಿಷಯ.

ಶೋಶಾಮ್ಮ: ಹಸುವಿನ ಏನು ವಿಷಯ?

ಉಲಹನ್ನಾನ್ ಗೋಡೆ ನೋಡಿದ, ಬೆಕ್ಕನ್ನು ನೋಡಿದ.

ಶೋಶಾಮ್ಮ: ನಿಮ್ಮನ್ನ ಕಾಸರಗೋಡಿಗೆ ಹಾಕಿದರೆ ನಾನೂ ಜೊತೆಗೆ ಬರ್ತೀನಿ, ಇಲ್ಲಿ ಒಬ್ಬಳೇ ಕೂತು ಏನು ಮಾಡಲಿ, ಹಸುನ ಪಕ್ಕದ ಮನೆ ತ್ರೇಸ್ಯಾಗೆ ಕೊಟ್ಟುಬಿಡೋಣವಾ ಅಂತ ಕೇಳಿದೆ.

ಉಲಹನ್ನಾನ್: ನಾನೇನಂದೆ?

ಶೋಶಾಮ್ಮ: ಹೂಂ ಅಂದ್ರಿ. ಅದನ್ನ ನಂಬಿ ಶುಕ್ರವಾರವೇ ಹಸುನ ಕೊಟ್ಟೂ ಆಯ್ತು.

ಅವನು ತಿರುಗಿ ಹಟ್ಟಿಯ ಕಡೆ ನೋಡಿದ. ಗೂಟ ಖಾಲಿ. ಶುಕ್ರವಾರದಿಂದ ಆ ಗೂಟದ ಪಕ್ಕದಲ್ಲೇ ಪುಸ್ತಕ ಹಿಡಿದು ಅತ್ತಿಂದಿತ್ತ ಓಡಾಡಿ, ಹೆಂಡತಿಯಿಲ್ಲದ ಬದುಕನ್ನು ನೆನೆದು ಕಣ್ಣೊರೆಸಿಕೊಂಡ ಪುಣ್ಯಾತ್ಮ ಅವನೇ. ತನ್ನ ಕಿವಿಗೆ ತಾನೇ ಹೊಡೆದುಕೊಳ್ಳಬೇಕೆನ್ನಿಸಿತು. ಅಷ್ಟರಲ್ಲಿ ನಗು ಬಂತು. ಎದೆಯ ಮೇಲಿದ್ದ ಬಂಡೆ ಇಳಿದಿತ್ತು. ಪುಸ್ತಕ ಎತ್ತಿ ಅವಳ ಮುಂದೆ ಹಿಡಿದ.

ಉಲಹನ್ನಾನ್: ಮುಂದಿನ ಪ್ರಶ್ನೆ ಕೇಳು.

ಶೋಶಾಮ್ಮ: ಸಾಕು, ಹೋಗಿ ಮಲಗಿ. ಓದೋದು ಹೆಚ್ಚಾಗಿ ನಾಳೆ ಪಾಸಾಗಿಬಿಟ್ಟೀರಿ. ತ್ರೇಸ್ಯಾ ಹಸುನ ವಾಪಸ್ ಕೊಡೋಳಲ್ಲ.