ಶಾಲೆಯೋ ಮನೆಯೋ, ಸಾಹೇಬರೇ ಹೇಳಲಿ

ಒಂದು ನಾಡಿನ ಏಳಿಗೆಗೆ ಶಿಕ್ಷಣವೇ ಅಡಿಗಲ್ಲು ಎಂಬುದನ್ನು ಎಲ್ಲ ಮಹನೀಯರೂ ಒಪ್ಪಿದ್ದಾರೆ. ನಮ್ಮ ಕಾಕಾ ಒಪ್ಪಿರಲಿಲ್ಲ. ಅಥವಾ ಒಪ್ಪಿದ್ದರು, ಆದರೆ ಶಿಕ್ಷಣಕ್ಕೂ ಶಾಲೆಗೂ ಸಂಬಂಧವಿದೆ ಎಂಬ ವದಂತಿಯನ್ನು ನಂಬಿರಲಿಲ್ಲ. ಈ ಅಪನಂಬಿಕೆಯೊಂದರಿಂದಲೇ ಅವರು ಮುಂಬಯಿಯ ಎರಡು ಸರ್ಕಾರಿ ಖಾತೆಗಳನ್ನು ಬಹುಕಾಲ ಗೊಂದಲದಲ್ಲಿ ಇಟ್ಟಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ಅವರ ಖೋಲಿಯಲ್ಲೇ ಉಂಡು ಮಲಗುತ್ತಿದ್ದ ನನಗೆ ನಂಬದೆ ಗತಿಯಿರಲಿಲ್ಲ.

ಎಪ್ಪತ್ತರ ದಶಕದ ಮಾತು. ನಾನು ಧಾರವಾಡದಿಂದ ಬಂದು ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟನಾಗಿದ್ದೆ. ಕಾಕಾ ಜೋಗೇಶ್ವರಿಯ ಒಂದು ಚಾಳಿನಲ್ಲಿದ್ದರು. ಅಲ್ಲಿಯೇ ಒಂದು ಸಣ್ಣ ಕಾರ್ಖಾನೆಯಲ್ಲಿ ಕಾರಕೂನಿಕೆ. ಆ ಕಾರ್ಖಾನೆಯಲ್ಲಿ ಏನು ತಯಾರಾಗುತ್ತಿತ್ತು ಅಂತೀರಿ? ಶಾಲೆಯ ಬೆಂಚು. ದಿನವಿಡೀ ಶಾಲೆಗಳಿಗೆ ಬೆಂಚು ಕಳಿಸುವುದು, ಸಂಜೆ ಬಂದು ಶಾಲೆಗಳನ್ನು ಬಯ್ಯುವುದು. ದಾರಿಯಲ್ಲಿ ಶಾಲೆ ಎದುರಾದರೆ ಟೊಪ್ಪಿಗೆ ತೆಗೆದು, ಶವಯಾತ್ರೆ ಎದುರಾದವರಂತೆ ಒಂದು ಗಳಿಗೆ ನಿಲ್ಲುತ್ತಿದ್ದರು. "ಶಾಲಿ ಅಂದ್ರ ಕೊಂಡವಾಡ. ದನಾ ಅಲ್ಲ, ಹುಡುಗ್ರನ್ನ ಕೂಡತಾರ, ಅಷ್ಟ ಫರಕ" ಎನ್ನುತ್ತಿದ್ದರು. ಮಾಟುಂಗದ ಗುಡಿಯಲ್ಲಿ ಸಿಕ್ಕ ಹಿರಿಯರೊಬ್ಬರು ಬುದ್ಧಿ ಹೇಳಲು ಹೋಗಿ, ತಾವೇ ತಮ್ಮ ಮೊಮ್ಮಗನನ್ನು ಶಾಲೆ ಬಿಡಿಸುವ ಹಂತಕ್ಕೆ ಬಂದಿದ್ದರು. ಆ ಅನಾಹುತವನ್ನು ಅವರ ಸೊಸೆ ತಪ್ಪಿಸಿದಳು.

ಕಾಕಾನಿಗೆ ಒಬ್ಬಳೇ ಮಗಳು, ಬೇಬಿ. ಹತ್ತು ವರ್ಷ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಒಂದು ಕಾಲಿಗೆ ಕಬ್ಬಿಣದ ಪಟ್ಟಿ. ಅವಳಿಗಾಗಿ ಕಾಕಾ ಖೋಲಿಯಲ್ಲೇ ಪಾಠ ಶುರುಮಾಡಿದ್ದರು. ಚಾಳಿನ ನಾಲ್ಕಾರು ತಂದೆ ತಾಯಿಗಳಿಗೂ ಕಾಕಾನ ಭಾಷಣ ತಾಗಿ, ಅವರ ಮಕ್ಕಳೂ ಬಂದು ಕೂತವು. ಕೂರಿಸಿದವರು ಕಲಿಸಲೂಬೇಕು, ಇದು ಕಾಕಾನ ಕರಾರು. ಎದುರು ಖೋಲಿಯ ಪೋಸ್ಟ್‌ಮನ್ ಭೂಗೋಳ ಹೇಳುತ್ತಿದ್ದರು. ಆಗಷ್ಟೇ ಪಿನ್‌ಕೋಡು ಬಂದಿತ್ತು; ಹೀಗಾಗಿ ಭಾರತದಲ್ಲಿ ನದಿ ಪರ್ವತಗಳಿವೆ ಎಂಬುದು ಮಕ್ಕಳಿಗೆ ತಿಳಿಯಲೇ ಇಲ್ಲ, ಅಂಕಿಗಳು ಮಾತ್ರ ಇದ್ದವು. ಕಾಕಾನ ಹೆಂಡತಿ ಕಾಕು ರೊಟ್ಟಿ ಮುರಿದು ಭಿನ್ನರಾಶಿ ಕಲಿಸುತ್ತಿದ್ದಳು. ಲೆಕ್ಕ ಮುಗಿಯುವುದರೊಳಗೆ ರೊಟ್ಟಿಯೂ ಮುಗಿಯುತ್ತಿದ್ದುದರಿಂದ ಉತ್ತರ ಯಾವಾಗಲೂ ಸೊನ್ನೆ. ರವಿವಾರದ ಇಂಗ್ಲಿಷು ನನ್ನ ಪಾಲಿಗೆ. ನನಗೆ ಬರುತ್ತಿದ್ದದ್ದು ಆಫೀಸಿನ ಇಂಗ್ಲಿಷೊಂದೇ. ಒಂದು ತಿಂಗಳಲ್ಲಿ ಮಕ್ಕಳು ಹಸಿವಾದರೆ ಅಮ್ಮಂದಿರ ಮುಂದೆ ನಿಂತು, ಈ ವಿಷಯವನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇವೆ, ಶೀಘ್ರ ಕ್ರಮ ಜರುಗಿಸಬೇಕು ಎಂಬರ್ಥದ ಇಂಗ್ಲಿಷನ್ನು ಒಪ್ಪಿಸತೊಡಗಿದವು.

ಹೀಗಿರಲು ಮುನಸಿಪಾಲಿಟಿಯಿಂದ ಒಬ್ಬ ಸಾಹೇಬರು ಬಂದರು. ಶಾಲೆಗೆ ಹೋಗದ ಮಕ್ಕಳನ್ನು ಹುಡುಕಿ ಸೇರಿಸುವುದು ಇವರ ಕೆಲಸ. ಸೋಲಾಪುರದ ಕಡೆಯವರು, ಕನ್ನಡ ಬಲ್ಲವರು. "ಇದು ಶಾಲಿ ಅಲ್ಲ. ಅಂದ್ರ ಇವರೆಲ್ಲಾ ಶಾಲಿ ತಪ್ಪಿಸ್ಯಾರ. ದಂಡಾ ಬೀಳತದ" ಎಂದರು. ಮುಂದಿನ ವಾರ ಇನ್ನೊಬ್ಬರು ಬಂದರು. ಪರವಾನಗಿಯಿಲ್ಲದ ಶಾಲೆಗಳನ್ನು ಮುಚ್ಚಿಸುವುದು ಇವರ ಕೆಲಸ. ಮಗ್ಗಿಯ ಸದ್ದು ತಾಳಲಾರದೆ ಕೆಳಗಿನ ಖೋಲಿಯವರು ದೂರು ಕೊಟ್ಟಿದ್ದರಂತೆ. ಇದು ಶಾಲೆಯೇ, ಪರವಾನಗಿ ಇಲ್ಲ, ಮುಚ್ಚಿ ಎಂದು ಮರಾಠಿಯಲ್ಲಿ ಅಪ್ಪಣೆ ಮಾಡಿ ಹೋದರು.

ಬೇರೆಯವರಾದರೆ ಹೆದರುತ್ತಿದ್ದರು. ಕಾಕಾನಿಗೆ ಹುಟ್ಟಿದ್ದು ಕುತೂಹಲ. ಸರ್ಕಾರದ ನಿಜವಾದ ಅಭಿಪ್ರಾಯವೇನು? ರಜೆ ಹಾಕಿ ಕಚೇರಿ ಕಚೇರಿ ತಿರುಗಿದರು. ಮೇಲಿನವರು ಕೆಳಗೆ ಕೇಳಿ ಎಂದರು, ಕೆಳಗಿನವರು ಮೇಲೆ. ಕಾಕು ಮಾತ್ರ ಕಂಗಾಲಾಗಿದ್ದಳು. "ಉಳಿದ ಹುಡುಗ್ರು ಎಲ್ಲೆರೆ ಸೇರತಾವ. ಇದೂ ಮುಚ್ಚಿದ್ರ ನಮ್ಮ ಕೂಸಿನ ಗತಿ ಏನೋ?" ಎಂದು ನನ್ನನ್ನು ಕೇಳಿದಳು. ಬೇಬಿಯೂ ಎಲ್ಲಾದರೂ ಸೇರಬಹುದಲ್ಲ ಎಂದೆ. ಕಾಕು ಒಲೆಯ ಕಡೆಗೆ ತಿರುಗಿದಳು.

ಕೊನೆಗೆ ಕಾಕಾ ಇಬ್ಬರು ಸಾಹೇಬರನ್ನೂ ಒಂದೇ ರವಿವಾರ ಊಟಕ್ಕೆ ಕರೆದರು. ಒಂದೇ ಕಟ್ಟಡದಲ್ಲಿ ಕೆಲಸ ಮಾಡುವ ಆ ಇಬ್ಬರ ಪರಿಚಯವಾದದ್ದು ಕಾಕಾನ ಖೋಲಿಯಲ್ಲಿ, ಜೋಳದ ರೊಟ್ಟಿ ಎಣಗಾಯಿಯ ಸಮಕ್ಷಮ.

"ಸಾಹೇಬ್ರ, ಇದು ಶಾಲಿ ಆದ್ರ ಹುಡುಗ್ರು ಶಾಲ್ಯಾಗ ಅದಾರ; ಇವರು ಸುಮ್ಮನಿರಬೇಕು. ಮನಿ ಆದ್ರ ಪರವಾನಗಿ ಬೇಕಿಲ್ಲ, ಅವರು ಸುಮ್ಮನಿರಬೇಕು. ಎರಡರಾಗ ಒಂದು ಹೇಳ್ರಿ, ಕೇಳತೀನಿ" ಎಂದರು ಕಾಕಾ.

"ಶಾಲಿ ಹ್ಯಾಂಗ ಆಗತದ? ಗಂಟಿ ಇಲ್ಲ, ಬೆಂಚಿಲ್ಲ" ಎಂದರು ಸೋಲಾಪುರದವರು.

"ಫಳಾ ಆಹೇ, ಮುಲಂ ಆಹೇತ" ಎಂದರು ಇನ್ನೊಬ್ಬರು. ಕರಿಹಲಗೆ ಇದೆ, ಮಕ್ಕಳಿದ್ದಾರೆ, ಇನ್ನೇನು ಬೇಕು ಎಂಬುದು ಅವರ ವಾದ.

ವಾದ ಎರಡನೆಯ ಸಲ ರೊಟ್ಟಿ ಬಡಿಸುವ ತನಕ ನಡೆಯಿತು. ಸೋಲಾಪುರದವರಿಗೆ ಸಾಕಾಯಿತು. "ಇಷ್ಟೆಲ್ಲಾ ಯಾಕ ಬೇಕು? ಹಿಂದಿನ ಗಲ್ಲಿಯೊಳಗ ನಮ್ಮದ ಶಾಲಿ ಅದ. ನಾಳೆ ಮಗಳ ಹೆಸರು ಹಚ್ಚಿಬಿಡ್ರಿ."

ಕಾಕಾ ಗಂಟಲು ಸರಿಮಾಡಿಕೊಂಡರು. "ಶಾಲಿ ಅಂದ್ರ ಕೊಂಡವಾಡ್ರಿ..."

"ಅಪ್ಪಾ, ಸಾಕು" ಎಂದಳು ಬೇಬಿ. ಮೊಸರಿನ ಬಟ್ಟಲು ಕೆಳಗಿಟ್ಟು ಸಾಹೇಬರಿಗೆ ಹೇಳಿದಳು: "ಅಲ್ಲಿ ಅಪ್ಪಾ ಆಗಲೇ ಕೇಳ್ಯಾನ್ರಿ. ಕ್ಲಾಸು ಮೂರನೇ ಮಾಳಿಗಿ ಮ್ಯಾಲೆ. ಪಾವಟಿಗಿ ಏರೂವಾಗ ಬಿದ್ರ ಜವಾಬ್ದಾರಿ ಯಾರದು ಅಂತ ಹೆಡ್‌ಮಾಸ್ತರ್ರು ಬ್ಯಾಡ ಅಂದ್ರು. ಮತ್ತೊಂದು ಶಾಲ್ಯಾಗೂ ಹಂಗ ಅಂದ್ರು."

"ನಿನಗ ಯಾರು ಹೇಳಿದ್ರು ಇದನ್ನ?" ಎಂದರು ಕಾಕಾ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ನಾ ಬಾಗಲಾ ಹೊರಗ ನಿಂತಿದ್ನಲ್ಲಾ, ಕೇಳಿಸ್ತು."

"ಇಷ್ಟು ವರ್ಷ ಯಾಕ ಹೇಳಲಿಲ್ಲವಾ?"

"ನೀ ಶಾಲಿ ಬೈಯೂವಾಗ ಭಾಳ ಖುಷಿಲೆ ಇರತಿದ್ದಿ" ಎಂದಳು.

ಊರ ಶಾಲೆಗಳನ್ನೆಲ್ಲ ಕೊಂಡವಾಡ ಮಾಡಿದ್ದು ಯಾಕೆಂದು ಆಗ ನನಗೆ ಹೊಳೆಯಿತು. ಶಾಲೆಗೆ ತಾನು ಬೇಡವಾದೆ ಎಂದು ಮಗಳಿಗೆ ಅನ್ನಿಸಬಾರದಿತ್ತು. ನಮಗೆ ಶಾಲೆಯೇ ಬೇಡವೆಂದು ಕಾಕಾ ತಾವೇ ಮೊದಲು ಸಾರಿಬಿಟ್ಟಿದ್ದರು.

ಸೋಲಾಪುರದವರು ಕೈತೊಳೆದು ಬಂದು ಕೂತರು. ಮನೆಯಲ್ಲೇ ತಕ್ಕಮಟ್ಟಿಗೆ ಕಲಿಯುತ್ತಿರುವ ಮಗುವನ್ನು ಶಾಲೆಗೆ ಕರೆಯಬೇಕಿಲ್ಲ ಎಂಬ ಒಂದು ಸಾಲು ಕಾಯ್ದೆಯಲ್ಲಿ ಇದೆಯಂತೆ. ಯಾರೂ ಬಳಸದ್ದರಿಂದ ಅದು ಹೊಸದಾಗಿಯೇ ಉಳಿದಿತ್ತು. ಪರೀಕ್ಷೆ ಮಾಡಬೇಕಲ್ಲ, "ಸೋಲಾಪುರ ಎಲ್ಲಿ ಬರತದವಾ?" ಎಂದು ಕೇಳಿದರು. "ನಾಲ್ಕರಾಗ ಬರತದ್ರಿ" ಎಂದಳು ಬೇಬಿ. ಅವರು ತಮ್ಮೂರಿನ ಪಿನ್‌ಕೋಡು ನೆನೆಸಿಕೊಂಡು, ತೃಪ್ತಿಕರ ಎಂದರು.

ಉಳಿದ ಮಕ್ಕಳ ಗತಿ? ಪರವಾನಗಿ ಸಾಹೇಬರು ಎಲೆಅಡಿಕೆ ಬಾಯಿಗಿಟ್ಟು, "ತೇ ಪಾಹುಣೇ" ಎಂದರು. ಪಾವಣ್ಯಾರು. ಮನೆಗೆ ಬಂದ ಅತಿಥಿಗಳು. ಅತಿಥಿಗಳಿಗೆ ಪರವಾನಗಿ ಬೇಕಿಲ್ಲ.

ಮುಂದೆ ಬೇಬಿ ಖಾಸಗಿಯಾಗಿ ಎಸ್ಸೆಸ್ಸಿ ಪರೀಕ್ಷೆಗೆ ಕೂತಳು. ಕೇಂದ್ರ ಮಲಾಡಿನಲ್ಲಿ ಸಿಕ್ಕಿತು, ಮೂರನೆಯ ಮಾಳಿಗೆ. ಅವಳು ಮೆಟ್ಟಿಲ ಬದಿಯ ಕಠಡಾ ಹಿಡಿದು ತಾನೇ ಏರಿದಳು. ಕಾಕಾ ಟೊಪ್ಪಿಗೆಯನ್ನು ತಲೆಯ ಮೇಲೇ ಇಟ್ಟುಕೊಂಡು, ಒಂದು ಪಾವಟಿಗೆ ಹಿಂದೆ ಹಿಂದೆ ಏರಿದರು. ಪಾಸಾದಳು. ಕಡಿಮೆ ಅಂಕ ಬಂದದ್ದು ಇಂಗ್ಲಿಷಿನಲ್ಲಿ.