‘ತಿದ್ದೋ ಮಾತೇ ಇಲ್ಲ’ ಎಂಬ ಬೋರ್ಡು

ಚಿತ್ರದುರ್ಗದಲ್ಲಿ ತೆರಿಗೆ ರಿಟರ್ನ್ ತುಂಬಿಕೊಡುವ ಅಂಗಡಿ ಇಟ್ಟವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಜನ ತಾವಾಗಿಯೇ ಪ್ಯಾನ್ ಕಾರ್ಡು ಹಿಡಿದು ಬಂದು ನಗಿಸಿ ಹೋಗುತ್ತಾರೆ. ನಾನು ಬಿ.ದುರ್ಗದ ಕಡೆಯ ಹಳ್ಳಿ ಹುಡುಗ. ಎಮ್ಮೆ ಮೇಯಿಸುತ್ತಲೇ ಬಿ.ಕಾಂ. ಮುಗಿಸಿದವನು. ಈಗ ಹಿರಿಯೂರು, ಹೊಸದುರ್ಗದವರೂ ಬಸ್ಸು ಹತ್ತಿ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಬಾಗಿಲ ಮೇಲೆ ಬೋರ್ಡು ಬೇರೆ ಹಾಕಿಸಿದ್ದೆ: ‘ಒಂದೇ ಏಟಿಗೆ ರಿಟರ್ನ್. ತಿದ್ದೋ ಮಾತೇ ಇಲ್ಲ.’

ಎದುರಿನ ಟೀ ಅಂಗಡಿಯವನು ಓದಿ, “ನಿಂದೇ ತಪ್ಪಾದ್ರೆ ಏನ್ ಮಾಡ್ತೀಯಲೇ?” ಅಂದ.

“ನನ್ನ ರಿಟರ್ನ್ ತಿದ್ದೋ ದಿನ ಬಂದ್ರೆ ನಾನೇ ಏಣಿ ಹಾಕಿ ಬೋರ್ಡು ಇಳಿಸ್ತೀನಿ, ನೋಡ್ತಿರು” ಅಂದೆ. ಇಡೀ ಬೀದಿ ಕೇಳಿಸಿಕೊಂಡಿತು.

ಈ ವರ್ಷ ಬಂದವರಿಗೆಲ್ಲ ಒಂದೇ ರೋಗ. ಆರೋಗ್ಯ ವಿಮೆಗೆ ಕಟ್ಟಿದ ಕಂತು ತೋರಿಸಿದರೆ ತೆರಿಗೆ ಕಮ್ಮಿಯಾಗುತ್ತದೆಂದು ಮೊಬೈಲಿನಲ್ಲಿ ತಾವೇ ಸಿಕ್ಕಾಪಟ್ಟೆ ತೋರಿಸಿಕೊಂಡಿದ್ದರು. ‘ತಪ್ಪಿದ್ದರೆ ತಿದ್ದಿ’ ಎಂದು ಇಲಾಖೆಯ ಮೆಸೇಜು ಬಂದದ್ದೇ ತಡ, ತಿದ್ದುಪಡಿ ರಿಟರ್ನ್ ಹಾಕಿಸಲು ಓಡಿ ಬಂದರು.

ಮನೆ ಮಂದಿ

ಮೊದಲು ಬಂದವರು ಬಬ್ಬೂರಿನ ನೌಕರರೊಬ್ಬರು.

“ಯಾರ್ಯಾರಿಗೆ ವಿಮೆ ಮಾಡ್ಸೀರಿ ಸಾರ್?”

“ನಂದು, ನಮ್ಮನೆಯವಳದು, ಗೌರೀದು, ಗಂಗೇದು.”

ಇಬ್ಬರು ಹೆಣ್ಣುಮಕ್ಕಳು ಅಂದುಕೊಂಡು ರಸೀದಿ ನೋಡಿದರೆ, ‘ಸೀಮೆ ಹಸು, ಕಿವಿ ಓಲೆ ನಂಬರು’ ಅಂತ ಐತೆ!

“ಸಾರ್, ಇವು ಹಸು!”

“ಹೌದ್ರಿ. ಹಾಲು ಕೊಟ್ಟು ನನ್ನ ಸಾಕ್ತವೆ. ಕೂಳಿಗೆ ದಂಡ ಆಗಿರೋ ನನ್ನ ಮಗನ್ನ ಸರ್ಕಾರ ಒಪ್ತೈತೆ, ಇವನ್ನ ಒಪ್ಪಲ್ವಾ?”

ಎರಡನ್ನೂ ತೆಗೆದು ಹಾಕಿದೆ. ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು. “ತೆಗೆದಿದ್ದು ನಮ್ಮೂರಲ್ಲಿ ಯಾರಿಗೂ ಹೇಳಬ್ಯಾಡ್ರಿ. ಗೌರಿ ಕಿವಿಗೆ ಬಿದ್ರೆ ಒದೀತಾಳೆ.”

ತಂದೆ ಸಮಾನ

ಹೊಸದುರ್ಗದ ಗುಮಾಸ್ತನೊಬ್ಬ ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಅತ್ತೆ ಮಾವನಿಗೆ ಕಟ್ಟಿದ ಕಂತನ್ನು ‘ತಂದೆ ತಾಯಿ’ ಅನ್ನುವ ಕಡೆ ತುಂಬಿದ್ದ. “ಹೆತ್ತವರದು ಮಾತ್ರ ನಡೀತೈತೆ, ಮಾವಂದು ನಡಿಯಲ್ಲ” ಅಂದೆ.

ಹೆಂಡತಿಗೆ ಸಿಟ್ಟು ಬಂತು. “ನಮ್ಮಪ್ಪ ಇವರಿಗೆ ತಂದೆ ಸಮಾನ ಕಣ್ರಿ! ಬೈಕು ಕೊಡಿಸಿದ ದಿನ ಇವರೇ ಅಂದಿದ್ರು.”

“ಅಕ್ಕಾ, ಇಲಾಖೆಯೋರು ಸಮಾನಕ್ಕೆಲ್ಲ ಜಾಗ ಇಟ್ಟಿಲ್ಲ.”

ಆಕೆ ಗಂಡನ ಕಡೆ ತಿರುಗಿ ಕೈ ಚಾಚಿದಳು. “ಹಂಗಾದ್ರೆ ಕೀ ಕೊಡ್ರಿ ಇತ್ಲಾಗೆ.”

ಹೋಗುವಾಗ ಬೈಕು ಆಕೆ ಓಡಿಸಿದಳು. ಆತ ಬಸ್ ಸ್ಟ್ಯಾಂಡಿನ ದಾರಿ ಹಿಡಿದ.

ಒಂದು ರಸೀದಿ

ಮರುದಿನ ಅದೇ ಮೆಸೇಜು ನನ್ನ ಮೊಬೈಲಿಗೇ ಬಂತು. ನಾನೂ ಅಪ್ಪ ಅವ್ವನ ವಿಮೆಯ ಕಂತು ತೋರಿಸಿದ್ದೆ. ಸಿಂಹಕ್ಕೆ ನೋಟಿಸ್ ಕೊಟ್ಟರೆ ಸಿಂಹ ಹೆದರುತ್ತದೆಯೇ? ಫೋನು ಮಾಡಿ, “ಅಪ್ಪಾ, ವಿಮೆ ರಸೀದಿ ತಗಂಡ್ ಬಾ” ಅಂದೆ.

ಅಪ್ಪ ಕೈಚೀಲ ಹಿಡಿದು ಬಂದ. ಟೀ ಅಂಗಡಿಯವನೂ ಗ್ಲಾಸು ಕೊಡುವ ನೆಪದಲ್ಲಿ ಒಳಗೆ ಬಂದು ನಿಂತ.

“ಇದೇನ್ಲೇ, ಎಲ್ರೂ ಇದನ್ನೇ ಕೇಳ್ತೀರ? ಮೊನ್ನೆ ನಿಮ್ಮಕ್ಕ ಕೇಳಿದ್ಳು, ನಿನ್ನೆ ನಿಮ್ಮಣ್ಣ ಕೇಳ್ದ” ಅಂದ ಅಪ್ಪ.

ಅವರಿಬ್ಬರೂ ಸಂಬಳದವರು, ರಿಟರ್ನ್ ತಾವೇ ತುಂಬಿಕೊಳ್ಳುವವರು.

ಟೀ ಅಂಗಡಿಯವನು ಬಾಯಿ ಹಾಕಿದ. “ಅಂದ್ರೆ, ಅಪ್ಪ ಅವ್ವನ ಕಂತು ನಾನೇ ಕಟ್ಟಿದ್ದು ಅಂತ ಮೂವರೂ ಬರ್ಕಂಡೀರಾ?”

“ಹೂಂ…” ಅಂದೆ.

ಅಪ್ಪ ಚೀಲದಿಂದ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟ. ಕಂತು ಹೋಗಿದ್ದು ಅಪ್ಪನ ಖಾತೆಯಿಂದ, ಈರುಳ್ಳಿ ಮಾರಿದ ದುಡ್ಡಿನಿಂದ! ಕಟ್ಟಿದವರಿಗೆ ಮಾತ್ರ ರಿಯಾಯಿತಿ ಅಂತ ಊರಿಗೆಲ್ಲ ಪಾಠ ಹೇಳಿದವನು ನಾನೇ.

“ಏಣಿ ನಮ್ಮಂಗಡೀಲೇ ಐತೆ ಕಣಪ್ಪ” ಅಂದ ಟೀ ಅಂಗಡಿಯವನು. ತಂದು, ಹಿಡಿದುಕೊಂಡು ಕೂಡ ನಿಂತ. ಮಾತು ಅಂದರೆ ಮಾತು. ಹತ್ತಿ ಬೋರ್ಡು ಇಳಿಸಿದೆ.

ಕೆಳಗೆ ಅಪ್ಪ ಜೇಬಿಗೆ ಕೈ ಹಾಕಿ ನಿಂತಿದ್ದ. “ಮೂವರದೂ ನೀನೇ ತಿದ್ದಲೇ. ಫೀಸೆಷ್ಟು?”

“ಬ್ಯಾಡ ಬಿಡಪ್ಪ…”

“ಏಯ್, ತಗಳಲೇ! ಮೂವರದೂ ನಾನೇ ಕೊಡ್ತೀನಿ. ಆಮ್ಯಾಲೆ ನಾವೇ ಕಟ್ಟಿದ್ವಿ ಅಂತ ಬರ್ಕಳ್ರಿ!”