ಕಿಟಕಿಯಿಲ್ಲದ ಗೋಡೆಯ ಬಿಸಿಲು

ವಯಸ್ಸು ಕೇಳಿದರೆ ಜನ ಸುಳ್ಳು ಹೇಳುತ್ತಾರೆ ಎನ್ನುವವರು ವಿದ್ಯುತ್ ಕಚೇರಿಯಲ್ಲಿ ಕೆಲಸ ಮಾಡಿದವರಲ್ಲ. ಜನ ನಿಜವಾಗಿ ಸುಳ್ಳು ಹೇಳುವುದು ತಮ್ಮ ಮನೆಗೆ ಎಷ್ಟು ಕರೆಂಟು ಬೇಕು ಎಂದು ಕೇಳಿದಾಗ. ನಾನು ಹುನಗುಂದದಿಂದ ದಿನವೂ ಇಳಕಲ್ಲಿಗೆ ಹೋಗಿಬರುವ ಶಾಖಾಧಿಕಾರಿ. ಅರ್ಜಿಯಲ್ಲಿ ಎರಡು ಬಲ್ಬು, ಒಂದು ಫ್ಯಾನು ಎಂದು ಬರೆದವರ ಮನೆಗೆ ಹೋದರೆ ಬಾಗಿಲಲ್ಲೇ ಫ್ರಿಜ್ಜು ಗುರ್ರೆನ್ನುತ್ತಿರುತ್ತದೆ. ಇಂಥವರನ್ನು ಹಿಡಿಯುವುದರಲ್ಲಿ ನನ್ನ ಕೈ ಪಳಗಿದೆ. ಕೈ ಎಂದರೆ ಕೈಯೇ. ಮೀಟರು ನೋಡುವ ಮೊದಲು ನಾನು ಮೋಟಾರಿನ ಮೇಲೆ ಅಂಗೈ ಇಟ್ಟು ನೋಡುತ್ತೇನೆ.

ಹೋದ ಬೇಸಿಗೆಯಲ್ಲಿ ಸೀರೆ ನೇಯುವ ಶಾಂತವ್ವನ ಶೆಡ್ಡಿಗೆ ಹೋಗಿದ್ದೆ. ಮಂಜೂರಾತಿ ಇದ್ದದ್ದು ಒಂದು ಪವರ್‌ಲೂಮಿಗೆ, ಶೆಡ್ಡಿನಲ್ಲಿದ್ದವು ಎರಡು.

“ಅದನ್ನ ಸುಮ್ನ ಇಟ್ಟೇವ್ರಿ ಸಾಹೇಬ್ರ, ನಡಸಂಗಿಲ್ಲ” ಎಂದಳು. ನಾನು ಅಂಗೈ ಇಟ್ಟೆ.

“ಸುಮ್ನ ಇಟ್ಟ ಮೋಟಾರು ಇಷ್ಟ್ಯಾಕ ಬಿಸಿ ಆಗೇತಿ ಯವ್ವಾ?”

“ಬಿಸಿಲ ಬಿದ್ದೈತ್ರಿ.”

ಆ ಗೋಡೆಗೆ ಕಿಟಕಿಯೇ ಇರಲಿಲ್ಲ. ಹೆಚ್ಚುವರಿ ಲೋಡಿಗೆ ಅರ್ಜಿ ಕೊಡಿಸಿದೆ. ‘ಕಾರಣ’ ಎಂಬಲ್ಲಿ ಏನೂ ಬರೆದಿರಲಿಲ್ಲವೆಂದು ‘ವಿವರ ಅಪೂರ್ಣ’ ಎಂದು ಷರಾ ಹಾಕಿ ಕಡತದೊಳಗೆ ಇಟ್ಟೆ. ಸಂಜೆ ಹೆಂಡತಿ ಗಿರಿಜಾಳಿಗೆ ಈ ಬಿಸಿಲಿನ ಕಥೆ ಹೇಳಿದಾಗ ಅವಳು ನಕ್ಕ ನಗುವಿಗೆ ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಇಷ್ಟು ಖಡಕ್ಕಾದ ನನಗೆ ಐವತ್ತು ದಾಟಿದ ಮೇಲೆ ಒಂದು ಆಸೆ ಹತ್ತಿತು. ಬಾದಾಮಿಯಲ್ಲಿ ಓದುತ್ತಿದ್ದಾಗ ಒಂದು ವಿಡಿಯೋ ಗೇಮ್ ಅಂಗಡಿಯ ಬಾಗಿಲಲ್ಲಿ ನಿಂತು ಬೇರೆಯವರು ಕಾರು ಓಡಿಸುವುದನ್ನು ನೋಡುತ್ತಿದ್ದೆ. ಒಂದು ದಿನವೂ ನನ್ನ ಪಾಳಿ ಬರಲಿಲ್ಲ. ಅಂಥದೊಂದು ಕಾರನ್ನು ಕೊನೆಯ ಗೆರೆ ದಾಟಿಸದೆ ನಿವೃತ್ತನಾಗಬಾರದು, ಅದನ್ನು ಓಡಿಸುವ ಕಂಪ್ಯೂಟರನ್ನೂ ನನ್ನ ಕೈಯಾರೆ ಜೋಡಿಸಬೇಕು ಎಂದು ಪಣ ತೊಟ್ಟೆ. ಬಾದಾಮಿಯ ಗೆಳೆಯನೊಬ್ಬ ತಾನು ಬಳಸಿ ಬಿಟ್ಟ ಗ್ರಾಫಿಕ್ಸ್ ಕಾರ್ಡನ್ನು ಕೊಟ್ಟ. ಆಟದ ಚಿತ್ರಗಳನ್ನೆಲ್ಲ ಮೂಡಿಸುವುದು ಅದೇ, ಕರೆಂಟು ಕುಡಿಯುವುದೂ ಅದೇ. ಅದನ್ನು ಪಂಚೆಯಲ್ಲಿ ಸುತ್ತಿ ಅಲಮಾರಿನಲ್ಲಿ ಅಡಗಿಸಿಟ್ಟೆ. ಗಿರಿಜಾ ಶಾಲೆಯ ಮುಖ್ಯೋಪಾಧ್ಯಾಯಿನಿ, ಗೇಮ್ ಆಡುವ ಮಕ್ಕಳ ಕೈಯಿಂದ ಮೊಬೈಲು ಕಸಿದುಕೊಳ್ಳುವವಳು. ಅವಳಿಗೆ ‘ಟೈಪಿಂಗ್ ಮಾಡಲು ಕಂಪ್ಯೂಟರ್’ ಎಂದಷ್ಟೇ ಹೇಳಿದ್ದೆ.

ಬಾಗಲಕೋಟೆಯ ಅಂಗಡಿಗೆ ಸಾಮಾನು ತರಲು ಹೋದಾಗ ಅವಳೂ ಬಂದಳು. ಎಲ್ಲ ಮುಗಿದು ಪವರ್ ಸಪ್ಲೈ ಒಂದೇ ಉಳಿಯಿತು. ಗೋಡೆಯ ಕರೆಂಟನ್ನು ತೆಗೆದುಕೊಂಡು ಒಳಗಿನ ಭಾಗಗಳಿಗೆಲ್ಲ ಹಂಚುವ ಕಬ್ಬಿಣದ ಡಬ್ಬಿ ಅದು. ಎಲ್ಲದರ ವ್ಯಾಟ್ ಕೂಡಿಸಿ, ಅದಕ್ಕಿಂತ ಒಂದಿಷ್ಟು ಹೆಚ್ಚಿನದನ್ನೇ ಕೊಳ್ಳಬೇಕು. ನನ್ನ ಲೆಕ್ಕದಲ್ಲಿ ಆರುನೂರೈವತ್ತು ವ್ಯಾಟಿನದು ಬೇಕಿತ್ತು.

“ಗ್ರಾಫಿಕ್ಸ್ ಕಾರ್ಡ್ ಹಾಕ್ತೀರೇನ್ರಿ ಸರ?” ಎಂದು ಅಂಗಡಿಯವನು ಕೇಳಿದ. ಗಿರಿಜಾ ನನ್ನ ಮುಖ ನೋಡಿದಳು.

“ಏ ಇಲ್ರಿ, ಟೈಪಿಂಗ್ ಅಷ್ಟ” ಎಂದುಬಿಟ್ಟೆ.

“ಹಂಗಾರ ಮುನ್ನೂರೈವತ್ತು ಭಾಳ ಆತು” ಎಂದು ಅವನು ಸಣ್ಣ ಡಬ್ಬಿ ಕೈಗಿಟ್ಟ. ಲೋಡಿನ ವಿಷಯದಲ್ಲಿ ಊರಿಗೆಲ್ಲ ಬುದ್ಧಿ ಹೇಳುವ ನಾನು ಗೋಣು ಹಾಕಿ ತೆಗೆದುಕೊಂಡೆ.

ಕಂಪ್ಯೂಟರು ಜೋಡಿಸಿದ್ದೇನೋ ಆಯಿತು. ಆದರೆ ಕಾರ್ಡಿಗೆ ಕೊಡಬೇಕಾದ ಪ್ರತ್ಯೇಕ ವೈರು ಆ ಸಣ್ಣ ಡಬ್ಬಿಯಲ್ಲಿ ಇರಲಿಲ್ಲ. ಬೇರೆ ಎರಡು ವೈರು ಕೂಡಿಸಿ ಒಂದು ಜೋಡಣೆ ಮಾಡಿದೆ. ಇಂಥ ಜೋಡಣೆಯನ್ನು ಬೇರೆಯವರ ಮನೆಯಲ್ಲಿ ಕಂಡರೆ ನಿಂತ ನಿಲುವಿನಲ್ಲೇ ಕತ್ತರಿಸಿ ಹಾಕುವವನು ನಾನು. ಕಾರು ಚೆನ್ನಾಗಿಯೇ ಓಡಿತು. ಕೊನೆಯ ತಿರುವಿಗೆ ಬಂದು, ಮುಂದೆ ಮೂರು ಕಾರು, ಅವುಗಳ ಹೊಗೆ, ಧೂಳು ಎಲ್ಲ ಒಟ್ಟಿಗೆ ಕಾಣಿಸಿದಾಗ ಪರದೆ ಕಪ್ಪಾಗಿ ಎಲ್ಲವೂ ಆರಿಹೋಯಿತು. ಲೋಡ್ ಒಮ್ಮೆಲೇ ಏರಿತ್ತು, ಡಬ್ಬಿಗೆ ತಾಳಲಾಗಲಿಲ್ಲ. ನಾನು ಬಿಡುವ ಪೈಕಿಯಲ್ಲ. ಲೋಡ್ ಇಳಿಸಲು ಆಟದ ಸೆಟ್ಟಿಂಗಿನಲ್ಲಿ ಹೊಗೆ ತೆಗೆದೆ, ಧೂಳು ತೆಗೆದೆ, ಮರಗಳ ನೆರಳು ತೆಗೆದೆ. ಕಾರುಗಳು ಬೆಂಕಿಪೊಟ್ಟಣದಂತೆ ಕಾಣತೊಡಗಿದವು. ಡಬ್ಬಿಯ ಮಗ್ಗುಲಿಗೆ ಟೇಬಲ್ ಫ್ಯಾನನ್ನೂ ಹಚ್ಚಿದೆ. ಆದರೂ ಗೆರೆ ಕಣ್ಣಿಗೆ ಬೀಳುವಷ್ಟರಲ್ಲಿ ಕತ್ತಲು. ಬಾದಾಮಿಯ ಆ ಅಂಗಡಿಯ ಬಾಗಿಲಲ್ಲಿ ನಿಂತಾಗಿನಷ್ಟೇ ಸಂಕಟವಾಯಿತು.

ಒಂದು ಭಾನುವಾರ ಮಧ್ಯಾಹ್ನ ಗಿರಿಜಾ ಹಿತ್ತಲಿನಿಂದ ಬರುವ ಸದ್ದಾಗಿ, ಗಡಬಡಿಸಿ ಆಟ ಮುಚ್ಚಿ ಖಾಲಿ ಹಾಳೆಯೊಂದನ್ನು ಪರದೆಗೆ ತಂದೆ. ಅವಳು ಪರದೆ ನೋಡಲಿಲ್ಲ. ಕಂಪ್ಯೂಟರಿನ ಡಬ್ಬಿಯ ಮೇಲೆ ಅಂಗೈ ಇಟ್ಟಳು.

“ಸುಮ್ನ ಟೈಪ್ ಮಾಡೂ ಡಬ್ಬಿ ಇಷ್ಟ್ಯಾಕ ಬಿಸಿ ಆಗೇತ್ರಿ?”

“ಬಿಸಿಲು ಬಿದ್ದೈತಿ” ಎಂದೆ.

ಬಾಯಿಂದ ಹೊರಬಿದ್ದ ಮೇಲೆ ಗೋಡೆ ನೋಡಿದೆ. ಅಲಮಾರಿನ ಪಕ್ಕದ ಆ ಗೋಡೆಗೂ ಕಿಟಕಿ ಇರಲಿಲ್ಲ. ಗಿರಿಜಾ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. “ಹೆಚ್ಚುವರಿ ಲೋಡ್ ಬೇಕಂದ್ರ ಅರ್ಜಿ ಕೊಡ್ರಿ, ನೋಡೂಣು” ಎಂದು ಒಳಗೆ ಹೋದಳು.

ಕೊಟ್ಟೆ. ಆರುನೂರೈವತ್ತು ವ್ಯಾಟ್ ಕೇಳಿ, ಕಾರಣ ಎಂಬಲ್ಲಿ ‘ಟೈಪಿಂಗ್ ಕೆಲಸ ಹೆಚ್ಚಾದ ಪ್ರಯುಕ್ತ’ ಎಂದು ಬರೆದೆ. ಕೆಂಪು ಶಾಯಿಯಲ್ಲಿ ‘ವಿವರ ಅಪೂರ್ಣ’ ಎಂದು ವಾಪಸು ಬಂತು. ಆ ಎರಡು ಪದ ಓದುವವನಿಗೆ ಎಷ್ಟು ಉರಿಯುತ್ತವೆ ಎಂದು ಇಷ್ಟು ವರ್ಷ ಗೊತ್ತಿರಲಿಲ್ಲ. ಎರಡನೆಯ ಸಲ ಬೇರೆ ದಾರಿ ಕಾಣದೆ ‘ಬಾದಾಮಿಯಲ್ಲಿ ನನ್ನ ಪಾಳಿ ಬರಲಿಲ್ಲ’ ಎಂದು ಬರೆದು, ಕೆಳಗೆ ಆ ಅಂಗಡಿಯ ಕಥೆಯನ್ನೆಲ್ಲ ಬರೆದೆ. ಅವಳು ಎರಡು ಸಲ ಓದಿದಳು.

“ಇದನ್ನ ಮೊದಲ ಹೇಳಿದ್ರ ನಿಮ್ಮ ಗಂಟೇನ್ ಹೋಗತಿತ್ರಿ?” ಎಂದು ಸಹಿ ಹಾಕಿದಳು.

ದೊಡ್ಡ ಡಬ್ಬಿ ಬಂತು. ಹೊಗೆ, ಧೂಳು, ನೆರಳು ಎಲ್ಲವನ್ನೂ ವಾಪಸು ಹಾಕಿ ಗೆರೆ ದಾಟಿದೆ. ಎಂಟನೆಯವನಾಗಿ ದಾಟಿದೆ, ಓಡಿದವರು ಎಂಟೇ ಜನ. ಖುಷಿಗೆ ಕಣ್ಣು ಒದ್ದೆಯಾಯಿತು.

ಮರುದಿನ ಶಾಂತವ್ವನ ಅರ್ಜಿಯನ್ನು ಕಡತದಿಂದ ಎಳೆದುಕೊಂಡು ಅವಳ ಶೆಡ್ಡಿಗೆ ಹೋಗಿ ಕಾರಣ ಕೇಳಿದೆ. ಬೇಸಿಗೆಯಲ್ಲೇ ಕೇಳಬಹುದಾಗಿತ್ತು. “ಮಗಳೂ ನೇಯಾಕ ಕಲತಾಳ್ರಿ. ನನ್ನ ಮಗ್ಗಕ್ಕ ಎಷ್ಟ ದಿನ ಕಾಯಬೇಕ್ರಿ ಆಕಿ?” ಎಂದಳು. ಅದನ್ನು ನಾನೇ ಬರೆದುಕೊಂಡು ಅಲ್ಲೇ ಸಹಿ ಹಾಕಿದೆ. ಹೊರಡುವಾಗ ಅಭ್ಯಾಸಬಲದಿಂದ ಕೈ ಎರಡನೆಯ ಮೋಟಾರಿನ ಮೇಲೆ ಹೋಯಿತು. ಚುರ್ರೆಂದಿತು. ಶಾಂತವ್ವ ಬಾಯಿ ತೆರೆದಳು, ಅವಳಿಗಿಂತ ಮೊದಲು ನಾನೇ ಹೇಳಿದೆ:

“ಬಿಸಿಲು ಭಾಳ ಐತಿ ಬಿಡವ್ವಾ.”